ಕೇಲೆಬ್ ಬಾಸ್ಕಮ್ ಊರು ಬಿಟ್ಟು ಹೋಗಲಿಲ್ಲ

ಏಪ್ರಿಲ್ 4, 1987, ಶನಿವಾರ

ನಿನ್ನೆ, 1987ನೇ ಇಸವಿ ಏಪ್ರಿಲ್ ಮೂರನೇ ತಾರೀಖು ಶುಕ್ರವಾರ ಮಧ್ಯಾಹ್ನ, ಆಶ್‌ಬ್ರೂಕ್ ಊರಿನ ಸ್ಮಶಾನ ಸಮಿತಿ ನನ್ನ ಹೆಂಡತಿಗೆ ಆರಡಿ ನೆಲ ಕೊಡುವುದಿಲ್ಲ ಎಂದಿತು. ಮುಂದೆ ಯಾರೂ ‘ನಮಗೆ ನೆನಪಿಲ್ಲ’ ಎನ್ನಬಾರದೆಂದು ಇಲ್ಲಿ ಬರೆದಿಡುತ್ತಿದ್ದೇನೆ. ಈ ದಿನಚರಿಯನ್ನು ನನ್ನ ಹೊರತು ಯಾರೂ ಓದುವುದಿಲ್ಲವಾದ್ದರಿಂದ ಈ ಎಚ್ಚರಿಕೆ ನನಗೇ ಇರಬೇಕು.

ಲೊರೆಟ್ ಹೋದದ್ದು ಜನವರಿಯಲ್ಲಿ. ಆಗ ನೆಲ ಕಬ್ಬಿಣವಾಗಿತ್ತು, ಗುದ್ದಲಿ ಇಳಿಯುವಂತಿರಲಿಲ್ಲ. ಈ ಬೆಟ್ಟದ ಊರುಗಳಲ್ಲಿ ಚಳಿಗಾಲದಲ್ಲಿ ತೀರಿಕೊಂಡವರು ಗುಡ್ಡದ ಬುಡದ ಕಲ್ಲುಕೋಣೆಯಲ್ಲಿ ವಸಂತಕ್ಕೆ ಕಾಯುತ್ತಾರೆ. ಅವಳೂ ಕಾಯುತ್ತಿದ್ದಾಳೆ. ಮೇ ಮುಗಿಯುವುದರೊಳಗೆ ಕೋಣೆ ಖಾಲಿಯಾಗಬೇಕು.

ಅವಳು ಕೇಳಿದ್ದು ಒಂದೇ. “ನನ್ನನ್ನ ಮೇಲಿನ ಸ್ಮಶಾನದಲ್ಲಿ ಇಡು ಲೂಥರ್. ಹೆದ್ದಾರಿ ಪಕ್ಕದ್ದು ಬೇಡ, ಜಲ್ಲಿ ಲಾರಿ ಸದ್ದು ನನಗಾಗಲ್ಲ.” ಮೇಲಿನ ಸ್ಮಶಾನದ ಹಳೆಯ ಕಲ್ಲುಗಳನ್ನು ಪ್ರತಿ ಬೇಸಿಗೆ ಬ್ರಷ್ಷು, ಬಕೆಟ್ಟು ಹಿಡಿದು ಪಾಚಿ ಕೆರೆದು ತೊಳೆದವಳು ಅವಳು. ಸಮಿತಿಯವರು ಕ್ರಿಸ್‌ಮಸ್ಸಿಗೆ ಕೇಕು ಕಳಿಸುತ್ತಿದ್ದರು. ನಾನು ಆಸ್ಪತ್ರೆಯ ಕುರ್ಚಿಯಲ್ಲಿ ಎದೆಯುಬ್ಬಿಸಿ, “ನೀನು ಒಬ್ಬ ಬಾಸ್ಕಮ್‌ನ ಹೆಂಡತಿ. ಯಾರು ಬೇಡ ಅಂತಾರೆ?” ಎಂದಿದ್ದೆ.

ಮಿಸೆಸ್ ಕಾರ್ನೀಲಿಯ ಹೋಯ್ಟ್ ಬೇಡ ಎಂದರು. ಸಮಿತಿಯ ಅಧ್ಯಕ್ಷೆ. “ನಿಯಮ ಇದೆ ಮಿಸ್ಟರ್ ಬಾಸ್ಕಮ್. 1790ಕ್ಕೆ ಮುಂಚೆ ಊರಿನ ಕಾನೂನುಬದ್ಧ ನಿವಾಸಿಗಳಾಗಿದ್ದವರ ವಂಶದವರು, ಅವರ ಗಂಡ-ಹೆಂಡತಿ. ಅಷ್ಟೇ. ನಿಮ್ಮವರು ಯಾವಾಗ ಬಂದದ್ದು?”

ಮೂವತ್ತು ವರ್ಷ ಈ ಊರಿನ ಮಕ್ಕಳಿಗೆ ಇತಿಹಾಸ ಕಲಿಸಿದ ನಾನು, ಹುಡುಕಿ ಹೇಳುತ್ತೇನೆ ಎಂದು ಟೊಪ್ಪಿ ಎತ್ತಿಕೊಂಡು ಹೊರಬಂದೆ.

ಏಪ್ರಿಲ್ 6, ಸೋಮವಾರ

ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ತಂಗಿ ಡ್ರೂಸಿಲ್ಲಾಗೆ ಫೋನು ಮಾಡಿದೆ. ನಮ್ಮ ಮೂಲದ ಬಗ್ಗೆ ಏನು ಗೊತ್ತು ಎಂದು ಕೇಳಿದೆ.

“ಮೂರು ಜನ ಅಣ್ಣತಮ್ಮಂದಿರು ಹಡಗಲ್ಲಿ ಬಂದ್ರು. ಒಬ್ಬ ಇಲ್ಲೇ ಉಳಿದ, ಒಬ್ಬ ದಕ್ಷಿಣಕ್ಕೆ ಹೋದ, ಒಬ್ಬ ಪಶ್ಚಿಮಕ್ಕೆ.”

“ಡ್ರೂಸಿ, ಈ ದೇಶದಲ್ಲಿ ಯಾರನ್ನ ಕೇಳಿದ್ರೂ ಮೂರೇ ಅಣ್ಣತಮ್ಮಂದಿರು. ನಾಲ್ಕನೆಯವನು ಹುಟ್ಟಿದ್ರೆ ಸಮುದ್ರಕ್ಕೆ ಹಾಕ್ತಿದ್ರಾ?”

“ನನ್ನ ಕೇಳಬೇಡ, ನಮ್ಮಜ್ಜಿ ಹೇಳಿದ್ದು. ಅಪ್ಪ ತರಿಸಿದ್ದ ವಂಶಲಾಂಛನ ನಿನ್ನ ಹತ್ರ ಇಲ್ವಾ? ಸಿಂಹ ಇತ್ತಲ್ಲ ಅದರಲ್ಲಿ.”

ಇದೆ. ಬಚ್ಚಲುಮನೆಯ ಬಾಗಿಲ ಮೇಲೆ. ಅಂಚೆಯಲ್ಲಿ ತರಿಸಿದ್ದು, ಅದೇ ಸಿಂಹ ಅದೇ ವರ್ಷ ಪಕ್ಕದ ಮನೆಯವರಿಗೂ ಬಂದಿತ್ತು. ಅವರ ಹೆಸರು ಬೇರೆ, ಸಿಂಹದ ನಾಲಿಗೆಯೂ ಸ್ವಲ್ಪ ಉದ್ದ.

ಏಪ್ರಿಲ್ 11, ಶನಿವಾರ

ಐದು ದಿನದಿಂದ ಗ್ರಂಥಾಲಯದ ನೆಲಮಾಳಿಗೆಯಲ್ಲಿದ್ದೇನೆ. ನಮ್ಮ ರಾಜ್ಯದ ಹಳೆಯ ಊರುಗಳೆಲ್ಲ ತಮ್ಮ ಜನನ, ಮದುವೆ, ಮರಣಗಳನ್ನು ಅಚ್ಚು ಹಾಕಿಸಿವೆ; ಯಾರು ಬೇಕಾದರೂ ನೋಡಬಹುದು, ಯಾರೂ ನೋಡುವುದಿಲ್ಲ. ಅಪ್ಪನಿಂದ ಹಿಂದಕ್ಕೆ ಒಂದೊಂದೇ ತಲೆ ಹತ್ತುತ್ತಿದ್ದೇನೆ. ಹತ್ತಿದಷ್ಟೂ ಇಳಿದಂತಾಗುತ್ತಿದೆ.

ಮುತ್ತಾತ ಚೆಸ್ಟರ್ ಬಾಸ್ಕಮ್ ಅಂತರ್ಯುದ್ಧದಲ್ಲಿ ಗುಂಡಿನ ಸುರಿಮಳೆಯ ನಡುವೆ ಬಾವುಟ ಎತ್ತಿ ಹಿಡಿದನೆಂದು ನಮ್ಮ ಮನೆಯಲ್ಲಿ ಪ್ರತಿ ಜುಲೈ ನಾಲ್ಕಕ್ಕೆ ಹೇಳುತ್ತಿದ್ದರು. ನಾನೂ ತರಗತಿಯಲ್ಲಿ ಹೇಳಿದ್ದೇನೆ; ಒಮ್ಮೆ ನಕ್ಷೆಯ ಕೋಲನ್ನೇ ಬಾವುಟದಂತೆ ಎತ್ತಿ ಹಿಡಿದೂ ತೋರಿಸಿದ್ದೆ. ಚೆಸ್ಟರ್ ಸೇನೆಗೆ ಸೇರಿದ್ದು ನಿಜ. ವರ್ಜೀನಿಯಾ ತಲುಪುವ ಮೊದಲೇ ಹೊಟ್ಟೆ ಕೆಟ್ಟು ವಾಪಸು ಬಂದದ್ದೂ ನಿಜ. ಅವನು ಎತ್ತಿ ಹಿಡಿದದ್ದು ಏನೆಂದು ಊಹಿಸಬಲ್ಲೆ, ಬಾವುಟವಂತೂ ಅಲ್ಲ.

ಅವನ ಅಪ್ಪ ಪೊರಕೆ ಕಟ್ಟುತ್ತಿದ್ದ. ಅವನ ಅಪ್ಪ ರೂಫಸ್ ಕೂಡ ಪೊರಕೆಯವನೇ. ಎಡ್ಮಂಡ್ ಬರ್ಕ್‌ನನ್ನು ಓದಿ ಊರಿಗೆಲ್ಲ ನೀತಿ ಹೇಳುವ, ಸೇತುವೆಯ ಬಣ್ಣ ಸರಿಯಿಲ್ಲವೆಂದು ಪತ್ರಿಕೆಗೆ ಪತ್ರ ಬರೆಯುವ ನಾನು ಪೊರಕೆಯ ವಂಶಸ್ಥ. ಲೊರೆಟ್‌ಗೆ ಇದು ಗೊತ್ತಾಗಿದ್ದರೆ ಒಂದು ವಾರ ನಗುತ್ತಿದ್ದಳು, ಆಮೇಲೆ ಅಡುಗೆಮನೆಯ ಪೊರಕೆಗೆ ಒಂದು ಹೆಸರಿಡುತ್ತಿದ್ದಳು.

ಏಪ್ರಿಲ್ 14, ಮಂಗಳವಾರ

ಸಿಕ್ಕಿತು! ಕೇಲೆಬ್ ಬಾಸ್ಕಮ್, ರೂಫಸ್‌ನ ಅಪ್ಪ. ಆಶ್‌ಬ್ರೂಕ್ ಊರಿನ ಅಚ್ಚಾದ ದಾಖಲೆಗಳ ಸೂಚಿಯಲ್ಲಿ: ಕೇಲೆಬ್ ಬಾಸ್ಕಮ್, ಹೆಂಡತಿ ಮತ್ತು ಮಕ್ಕಳು, ನವೆಂಬರ್ 1771. ಅಂದರೆ ಸ್ವಾತಂತ್ರ್ಯ ಘೋಷಣೆಗೂ ಮುಂಚೆ, ಇಂಗ್ಲೆಂಡಿನ ರಾಜ ಇನ್ನೂ ನಮ್ಮ ತಲೆಯ ಮೇಲೆ ಕೂತಿದ್ದಾಗ, ಬಾಸ್ಕಮ್‌ಗಳು ಇಲ್ಲಿದ್ದರು!

ಗ್ರಂಥಾಲಯದಲ್ಲಿ ಜೋರಾಗಿ “ಆಹಾ” ಎಂದೆ. ಇಬ್ಬರು ತಿರುಗಿ ನೋಡಿದರು. ಹೆಸರು, ವರ್ಷ, ಪುಟ ಬರೆದುಕೊಂಡು ಪುಸ್ತಕ ಮುಚ್ಚಿದೆ. ಒಬ್ಬ ಬಾಸ್ಕಮ್ ಇದಕ್ಕಿಂತ ಹೆಚ್ಚು ಓದುವ ಅಗತ್ಯವೇನು?

ಸಂಜೆ ಕಲ್ಲುಕೋಣೆಯ ತನಕ ನಡೆದು ಹೋಗಿ ಬಾಗಿಲ ಮುಂದೆ ನಿಂತು ಅವಳಿಗೆ ಹೇಳಿದೆ. ಆ ಹೊತ್ತಿಗೇ ನಾಯಿ ಓಡಾಡಿಸುತ್ತಿದ್ದ ಅಂಚೆ ಕಚೇರಿಯ ಹೆಂಗಸು ಬಂದಳು. ಹವಾಮಾನದ ಬಗ್ಗೆ ಮಾತಾಡುತ್ತಿದ್ದೆ ಎಂದೆ. ಯಾರ ಜೊತೆ ಎಂದು ಅವಳು ಕೇಳಲಿಲ್ಲ.

ಏಪ್ರಿಲ್ 16, ಗುರುವಾರ

ಟೈ ಕಟ್ಟಿಕೊಂಡು ಹೋಗಿದ್ದೆ. ಅದನ್ನು ಮೊದಲು ಒಪ್ಪಿಕೊಳ್ಳಬೇಕು.

ಮಿಸೆಸ್ ಹೋಯ್ಟ್ ಅದೇ ಪುಸ್ತಕ ತರಿಸಿ, ಅದೇ ಪುಟ ತೆಗೆದು, ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಕೇಲೆಬ್ ಬಾಸ್ಕಮ್, ಪೀಪಾಯಿ ಮಾಡುವವನು, ಹೆಂಡತಿ ಮಕ್ಕಳೊಂದಿಗೆ ಕನೆಕ್ಟಿಕಟ್ ಕಡೆಯಿಂದ ಬಂದಿದ್ದಾನೆ. ಊರಿನ ಕಾನ್‌ಸ್ಟೆಬಲ್ ಅವನ ಬಾಗಿಲಿಗೆ ಹೋಗಿ, ರಾಜನ ಹೆಸರಿನಲ್ಲಿ, ಹದಿನಾಲ್ಕು ದಿನದೊಳಗೆ ಊರು ಬಿಟ್ಟು ಹೊರಡಬೇಕೆಂದು ಹೇಳಿ ಬಂದಿದ್ದಾನೆ.

“ನಿಮಗೆ ಗೊತ್ತೇ ಇರುತ್ತೆ, ನೀವು ಮೇಷ್ಟ್ರು,” ಎಂದರು.

ಗೊತ್ತಿತ್ತು. ಬಡವರು ಬಿದ್ದರೆ ಎತ್ತುವ ಹೊಣೆ ಆಗ ಊರಿನದು. ಆದ್ದರಿಂದ ಹೊಸಬರು ಬಂದರೆ ಮೊದಲೇ ‘ಹೊರಡಿ’ ಎಂದು ಹೇಳಿಬಿಡುತ್ತಿದ್ದರು. ಹೇಳಿದ ಮೇಲೆ ಅವರು ಹೋಗಲಿ ಇರಲಿ, ಹಸಿಯಲಿ ಸಾಯಲಿ, ಊರು ಕೈತೊಳೆದುಕೊಂಡಂತೆ. ನಾನೇ ಪ್ರತಿ ಅಕ್ಟೋಬರಿನಲ್ಲಿ ಇದನ್ನು ಪಾಠ ಮಾಡುತ್ತಿದ್ದೆ. ಪರೀಕ್ಷೆಯಲ್ಲೂ ಕೇಳುತ್ತಿದ್ದೆ. ಅದು ಯಾರೋ ಪಾಪದವರಿಗೆ ಆದದ್ದು ಎಂಬ ಧಾಟಿಯಲ್ಲಿ.

“ಹಾಗಾದ್ರೆ 1771ರಲ್ಲಿ ಇಲ್ಲಿದ್ದ ಅಂತ ನೀವೇ ಓದಿದಿರಲ್ಲ,” ಎಂದೆ.

“ಇದ್ದ. ಆದ್ರೆ ಕಾನೂನುಬದ್ಧ ನಿವಾಸಿ ಅಲ್ಲ. ಅಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪುರಾವೆ ಬೇಕಾ? ನೀವೇ ತಂದುಕೊಟ್ಟಿದ್ದೀರಿ.”

ಕುಹಕವಿರಲಿಲ್ಲ ದನಿಯಲ್ಲಿ. ಅದೇ ಹೆಚ್ಚು ಚುಚ್ಚಿತು. ಬಾಗಿಲ ತನಕ ಬಂದು ಕಳಿಸಿಕೊಟ್ಟರು.

ಏಪ್ರಿಲ್ 17

ಟೈ ಸುಡಲು ಹೋದೆ. ಒಳ್ಳೆಯ ಟೈ. ಸುಡಲಿಲ್ಲ.

ಏಪ್ರಿಲ್ 19, ಈಸ್ಟರ್ ಭಾನುವಾರ

ಡಬ್ಬಿಯ ಹ್ಯಾಮು ತಿಂದೆ. ಅದರ ಮೇಲೆ ಅನಾನಸಿನ ಬಿಲ್ಲೆ ಇಡುವುದು ಲೊರೆಟ್‌ನ ಪದ್ಧತಿ. ನಾನೂ ಇಟ್ಟೆ, ಜಾರಿ ಬಿತ್ತು.

ಕೇಲೆಬ್‌ನ ಬಗ್ಗೆಯೇ ಯೋಚಿಸುತ್ತಿದ್ದೇನೆ. ನವೆಂಬರ್ ತಿಂಗಳು. ಇಲ್ಲಿನ ನವೆಂಬರ್ ಎಂದರೆ ಏನೆಂದು ನನಗೆ ಗೊತ್ತು. ಕೈಯಲ್ಲಿ ಉದ್ದನೆಯ ಕೋಲು ಹಿಡಿದು ಕಾನ್‌ಸ್ಟೆಬಲ್ ಬಾಗಿಲು ತಟ್ಟುತ್ತಾನೆ, ಒಳಗೆ ಸಣ್ಣ ಮಕ್ಕಳು. ಹೊರಡು ಎನ್ನುತ್ತಾನೆ. ಕೇಲೆಬ್ ಏನು ಹೇಳಿರಬಹುದು? ನನ್ನಂಥವನಾಗಿದ್ದರೆ ಪತ್ರಿಕೆಗೆ ಪತ್ರ ಬರೆಯುತ್ತಿದ್ದ. ಅವನು ಬಾಗಿಲು ಹಾಕಿಕೊಂಡು ಪೀಪಾಯಿ ಮಾಡುವುದನ್ನು ಮುಂದುವರಿಸಿದ ಎಂದು ಕಾಣುತ್ತದೆ. ಹೋಗಲಿಲ್ಲ. ಹೋಗಿದ್ದರೆ ನಾನು ಕನೆಕ್ಟಿಕಟ್‌ನಲ್ಲಿ ಕೂತು ಯಾರದೋ ಸೇತುವೆಯ ಬಗ್ಗೆ ತಕರಾರು ಮಾಡುತ್ತಿದ್ದೆ.

ಆ ಪುಟದಲ್ಲಿ ಅವನೊಬ್ಬನೇ ಇಲ್ಲ. ಆಗ ಆತುರದಲ್ಲಿ ನೋಡಿರಲಿಲ್ಲ, ನಿನ್ನೆ ಗ್ರಂಥಾಲಯದಲ್ಲಿ ಮತ್ತೆ ತೆರೆದು ನೋಡಿದೆ. ಇಬ್ಬರು ಮಕ್ಕಳ ವಿಧವೆಯೊಬ್ಬಳು. ಡೈನಾ ಎಂಬ ಕರಿಯ ಹೆಂಗಸು, ಅಡ್ಡಹೆಸರಿಲ್ಲ. ಒಬ್ಬ ಕುಂಟ ನೇಕಾರ. ಹಿಂದಿನ ಪುಟ, ಮುಂದಿನ ಪುಟ, ಎಲ್ಲ ಅಂಥವರೇ. ಹೊರಡಿ, ಹೊರಡಿ, ಹೊರಡಿ.

ಏಪ್ರಿಲ್ 25, ಶನಿವಾರ

ಹತ್ತು ಜನರ ಸಹಿ ಇದ್ದರೆ ಯಾರು ಬೇಕಾದರೂ, ಊರಿನವರೆಲ್ಲ ಸೇರಿ ಮತ ಹಾಕುವ ಊರಸಭೆಯ ವಿಷಯಪಟ್ಟಿಗೆ ಒಂದು ವಿಷಯ ಸೇರಿಸಬಹುದು. ಮೇ ಹನ್ನೊಂದಕ್ಕೆ ಸಭೆ. ನನ್ನ ವಿಷಯ: ಮೇಲಿನ ಸ್ಮಶಾನದ ವಂಶದ ನಿಯಮ ರದ್ದಾಗಲಿ. ಆರಂಭದಲ್ಲಿ ‘ಬಾಸ್ಕಮ್ ಕುಟುಂಬಕ್ಕೆ ವಿನಾಯಿತಿ’ ಎಂದು ಬರೆದಿದ್ದೆ. ವಾಕ್ಯ ಉದ್ದವಾಯಿತೆಂದು ಬದಲಾಯಿಸಿದೆ.

ಸಹಿ ಬೇಕೆಂದರೆ ಶನಿವಾರ ಬೆಳಿಗ್ಗೆ ಕಸದ ಕೇಂದ್ರಕ್ಕೆ ಹೋಗಬೇಕು. ಚರ್ಚಿಗೆ ಬರದವರೂ ಕಸ ಹಾಕಲು ಬರುತ್ತಾರೆ. ಗಾಜಿನ ಬಾಟಲಿಗಳ ಡಬ್ಬದ ಪಕ್ಕ ಮಡಚುವ ಮೇಜು ಹಾಕಿಕೊಂಡು ಕೂತೆ. ಭಾಷಣ ಸಿದ್ಧ ಮಾಡಿಕೊಂಡಿದ್ದೆ, ರೋಮಿನಿಂದ ಆರಂಭವಾಗುವಂಥದ್ದು.

ಮೊದಲು ಬಂದವನು ಆಸ್ಪರಾಗಸ್ ತರಕಾರಿ ಬೆಳೆಯುವ ಸ್ಟ್ಯಾಶ್ ಕೊಜಿಯಲ್. ನಾನು ರೋಮಿನಿಂದ ಹೊರಡುವುದರೊಳಗೆ ಕೈ ಎತ್ತಿದ.

“ಮೇಷ್ಟ್ರೇ, ಕಸ ವಾಸನೆ ಬರ್ತಿದೆ, ಬೇಗ ಹೇಳಿ. ಸಹಿ ಎಲ್ಲಿ?”

“ವಿಷಯ ಏನು ಅಂತ ಕೇಳಲ್ವಾ?”

“ಲೊರೆಟ್‌ಗೆ ಜಾಗ ಕೊಡಲಿಲ್ಲ ಅಂತ ಊರಿಗೆಲ್ಲ ಗೊತ್ತು. ನಮ್ಮಮ್ಮನಿಗೂ ಕೊಡಲಿಲ್ಲ. ಆ ಸ್ಮಶಾನದ ಬೇಲಿಗಂಟಿದ ಹೊಲ ನಮ್ಮದು. ಅಲ್ಲಿ ಸೌತೆಕಾಯಿ ಕೀಳ್ತಾ ಕೀಳ್ತಾ ಪ್ರಾಣ ಬಿಟ್ಟಳು. ಎತ್ತಿ ಗೋಡೆ ದಾಟಿಸಿದ್ರೆ ಮುಗೀತಿತ್ತು. ಎಂಟು ಮೈಲಿ ಆಚೆ ಕರಕೊಂಡು ಹೋದ್ವಿ.”

“ಆಗ ಯಾಕೆ ಕೇಳಲಿಲ್ಲ ನೀವು?”

“ಕೇಳಿದ್ವಿ. ನಿಮಗೂ ಹೇಳಿದ್ದೆ. ‘ನಿಯಮ ಅಂದ ಮೇಲೆ ನಿಯಮ, ಸ್ಟ್ಯಾಶ್’ ಅಂದ್ರಿ ನೀವು.” ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, ನನಗೇ ವಾಪಸು ಕೊಟ್ಟ. “ಮುಖ ಯಾಕೆ ಹಾಗೆ ಮಾಡ್ಕೊಂಡ್ರಿ? ಅದೆಲ್ಲ ಹಳೇದು. ಕುಡೀರಿ ಕಾಫಿ.”

ದೊಡ್ಡ ನೆನಪಿನವನೆಂದು ಬೀಗುವ ನನಗೆ ಆ ಮಾತು ನೆನಪೇ ಇಲ್ಲ. ಇಲ್ಲವೆಂದು ಇಲ್ಲಿ ಬರೆದಿದ್ದೇನೆ.

ಮಧ್ಯಾಹ್ನದ ಹೊತ್ತಿಗೆ ಹತ್ತಕ್ಕಿಂತ ಹೆಚ್ಚೇ ಸಹಿ ಬಿತ್ತು. ಒಬ್ಬೊಬ್ಬರೂ ಸಹಿಯ ಜೊತೆ ಒಂದು ಸಾವು ಹೇಳಿದರು. ನನ್ನ ಭಾಷಣ ಒಂದು ವಾಕ್ಯವೂ ಖರ್ಚಾಗಲಿಲ್ಲ. ಕೊನೆಗೆ ಬಂದ ದಂತವೈದ್ಯೆ, “ನಾನಿಲ್ಲಿಗೆ ಬಂದು ಬಹಳ ವರ್ಷ ಆಯ್ತು, ಆದರೂ ಹೊಸಬಳು. ನನ್ನ ಸಹಿ ನಡೆಯುತ್ತಾ?” ಎಂದು ಕೇಳಿದಳು. ನನ್ನ ಹಲ್ಲೆಲ್ಲ ಅವಳೇ ಕಟ್ಟಿಕೊಟ್ಟದ್ದು. ನಡೆಯುತ್ತದೆ ಎಂದೆ, ಅವಳದೇ ಹಲ್ಲಿನಿಂದ.

ಏಪ್ರಿಲ್ 30, ಗುರುವಾರ

ಅರ್ಜಿ ಕೊಟ್ಟೆ. ಹತ್ತೊಂಬತ್ತನೇ ವಿಷಯ. ಅಗ್ನಿಶಾಮಕ ವಾಹನದ ಟೈರುಗಳಾದ ಮೇಲೆ, ನಾಯಿ ಪರವಾನಗಿಗೆ ಮುಂಚೆ.

ಮೇ 3, ಭಾನುವಾರ

ಡ್ರೂಸಿಲ್ಲಾ ಬೆಳಿಗ್ಗೆಯೇ ಫೋನು ಮಾಡಿದಳು. “ಏ ಲೂಥರ್, ನೆನಪಾಯ್ತು. ಅಜ್ಜಿ ಒಂದು ಹೆಸರು ಹೇಳ್ತಿದ್ದಳು. ಮೆಹಿಟಬಲ್. ‘ಮೆಹಿಟಬಲ್ ಥರ ಗೋಡೆ ಹಾರಬೇಡ’ ಅಂತ ನನಗೆ ಬೈತಿದ್ದಳು, ನಾನು ಹುಡುಗರ ಜೊತೆ ತಿರುಗಿದಾಗ.”

ಮೆಹಿಟಬಲ್ ಎಂಬ ಕಲ್ಲನ್ನು ನೋಡಿದ ನೆನಪು ನನಗಿತ್ತು. ಮೇಲಿನ ಸ್ಮಶಾನಕ್ಕೆ ಹೋದೆ. ಹಿಂದಿನ ಗೋಡೆಗೆ ಮುಖಮಾಡಿ ನಿಂತ ಕಪ್ಪು ಹಲಗೆಕಲ್ಲು. ಲೊರೆಟ್ ಅದನ್ನು ಎರಡು ಬೇಸಿಗೆ ಉಜ್ಜಿದ್ದಳು. ಹಾಗಾಗಿಯೇ ಇವತ್ತು ಓದಲು ಬಂತು. ‘ಮೆಹಿಟಬಲ್, ಕಾನ್‌ಸ್ಟೆಬಲ್ ಜೊಸಾಯ ಹೋಯ್ಟರ ಮಗಳು’. ಗಂಡನ ಹೆಸರಿಲ್ಲ. ಗೋಡೆಯ ಆಚೆ ಬದಿಯಲ್ಲಿ, ಅವಳ ತಲೆಯ ನೇರಕ್ಕೆ, ಕೆತ್ತನೆಯೇ ಇಲ್ಲದ ಒಂದು ಕಾಡುಕಲ್ಲು ನೆಟ್ಟಿದೆ.

ಮಧ್ಯಾಹ್ನ ಗ್ರಂಥಾಲಯದವರ ಮನೆಗೇ ಹೋಗಿ ಕೀಲಿ ಬೇಡಿ ತಂದೆ. ಮದುವೆಗಳ ಭಾಗ, 1788: ರೂಫಸ್ ಬಾಸ್ಕಮ್, ಮೆಹಿಟಬಲ್ ಹೋಯ್ಟ್. 1771ರ ಪುಟವನ್ನೂ ಮತ್ತೆ ತೆಗೆದೆ; ಕೆಳಗೆ ಸಹಿ: ಜೊಸಾಯ ಹೋಯ್ಟ್, ಕಾನ್‌ಸ್ಟೆಬಲ್.

ಅಂದರೆ ಕಾನ್‌ಸ್ಟೆಬಲ್ ಹೊರಡು ಎಂದು ಹೇಳಿದ ಮನೆಯ ಹುಡುಗನೇ ಬೆಳೆದು ದೊಡ್ಡವನಾಗಿ ಕಾನ್‌ಸ್ಟೆಬಲ್‌ನ ಮಗಳನ್ನು ಕಟ್ಟಿಕೊಂಡ. ಭೇಷ್ ರೂಫಸ್! ಇದಕ್ಕಿಂತ ಚೆನ್ನಾದ ಉತ್ತರವನ್ನು ಯಾವ ಪತ್ರಿಕೆಯೂ ಅಚ್ಚು ಹಾಕಿಲ್ಲ.

ಮತ್ತು ನಾನು ಜೊಸಾಯ ಹೋಯ್ಟನ ವಂಶದವನು. ಕಾನೂನುಬದ್ಧ. ಲೊರೆಟ್‌ಗೆ ಜಾಗ ಸಿಕ್ಕಿತು.

ಮೇ 6, ಬುಧವಾರ

1788ರ ಮದುವೆ ದಾಖಲೆಯ ಪ್ರತಿಯನ್ನು ಸೋಮವಾರವೇ ಕಳಿಸಿದ್ದೆ; ಇವತ್ತು ಮಿಸೆಸ್ ಹೋಯ್ಟ್ ನನ್ನನ್ನು ಮುಂಬಾಗಿಲಿಂದ ಕರೆದರು. ಹಿಂದೆ ಯಾವಾಗಲೂ ಪಕ್ಕದ ಬಾಗಿಲು. ಚಹಾ, ನಿಂಬೆ ಬಿಸ್ಕತ್ತು.

“ಲೂಥರ್! ಲೂಥರ್ ಅಂತಲೇ ಕರೀತೀನಿ, ನಾವು ನೆಂಟರಾದ್ವಲ್ಲ. ಮೊದಲೇ ಯಾಕೆ ಹೇಳಲಿಲ್ಲ ನೀವು?”

“ನನಗೂ ಭಾನುವಾರವೇ ಗೊತ್ತಾದದ್ದು.”

“ಮೇಪಲ್ ಮರದ ಹತ್ರ ಒಳ್ಳೆ ಜಾಗ ಇದೆ. ನಾಳೆಯೇ ತೋಡಿಸಬಹುದು. ಇಲ್ಲಿ ಸಹಿ ಮಾಡಿ.” ಅರ್ಜಿಯಲ್ಲಿ ಟೈಪು ಮಾಡಿಸಿಯೇ ಇಟ್ಟಿದ್ದರು: ‘ಮಿಸೆಸ್ ಲೂಥರ್ ಬಾಸ್ಕಮ್, ಜೊಸಾಯ ಹೋಯ್ಟರ ವಂಶಸ್ಥನ ಪತ್ನಿ’.

“ಗೋಡೆ ಆಚೆಗಿನ ಕಲ್ಲು ರೂಫಸ್‌ನದ್ದಾ?” ಎಂದು ಕೇಳಿದೆ.

“ಇರಬೇಕು. ಆಗ ಅಂಥ ಅಳಿಯಂದಿರನ್ನ ಒಳಗೆ ಬಿಡ್ತಿರಲಿಲ್ಲ. ಈಗ ನಾವು ಎಷ್ಟೋ ವಾಸಿ, ಗಂಡ-ಹೆಂಡತಿ ಇಬ್ಬರನ್ನೂ ಬಿಡ್ತೀವಿ.” ಬಿಸ್ಕತ್ತಿನ ತಟ್ಟೆ ನನ್ನ ಕಡೆ ತಳ್ಳಿದರು. “ಇನ್ನು ಆ ಹತ್ತೊಂಬತ್ತನೇ ವಿಷಯ. ಈಗ ನಿಮಗದು ಬೇಕಿಲ್ಲ ಅಲ್ವಾ? ಸಭೆಯಲ್ಲಿ ನೀವು ಎದ್ದು ಮಂಡಿಸದಿದ್ರೆ ತಾನಾಗೇ ಬಿದ್ದು ಹೋಗುತ್ತೆ. ಯಾರಿಗೂ ಬೇಜಾರಿಲ್ಲ.”

ಪೆನ್ನು ಕೈಗೆ ತೆಗೆದುಕೊಂಡೆ. ಕನ್ನಡಕ ಮರೆತು ಬಂದಿದ್ದೇನೆ ಎಂದು ಹೇಳಿ ಕೆಳಗಿಟ್ಟೆ. ಕನ್ನಡಕ ಮೂಗಿನ ಮೇಲೆಯೇ ಇತ್ತು. ಅವರೂ ನೋಡಿದರು.

ಬಿಸ್ಕತ್ತು ಚೆನ್ನಾಗಿತ್ತು. ನಾಲ್ಕು ತಿಂದೆ.

ಮೇ 9, ಶನಿವಾರ

ಡ್ರೂಸಿಲ್ಲಾ ಬಸ್ಸು ಹಿಡಿದು ಬಂದಳು. ಕೋಟು ತೆಗೆಯುವ ಮುಂಚೆಯೇ ಶುರು.

“ನಿನಗೆ ತಲೆ ಕೆಟ್ಟಿದೆಯಾ? ಜಾಗ ಕೊಡ್ತೀನಿ ಅಂತ ಅವಳೇ ಹೇಳ್ತಿದ್ದಾಳೆ, ನಿನಗೆ ಸಹಿ ಹಾಕೋಕೆ ಏನು ರೋಗ?”

“ಸ್ಟ್ಯಾಶ್‌ನ ಅಮ್ಮ—”

“ಸ್ಟ್ಯಾಶ್‌ನ ಅಮ್ಮನ್ನ ಎಂಟು ಮೈಲಿ ಆಚೆ ಮಣ್ಣು ಮಾಡಿಯಾಗಿದೆ ಕಣೋ. ಲೊರೆಟ್ ಇನ್ನೂ ಆ ಕತ್ತಲೆ ಕೋಣೇಲಿದ್ದಾಳೆ. ಸಭೇಲಿ ನೀನು ಸೋತರೆ? ಆಗ ಆ ಹೋಯ್ಟಮ್ಮ ಮತ್ತೆ ಬಿಸ್ಕತ್ತು ಕೊಡ್ತಾಳಾ?”

“ಕೊಡಲ್ಲ.”

“ಹೆದ್ದಾರಿ ಪಕ್ಕ, ಲಾರಿ ಸದ್ದಲ್ಲಿ ಮಲಗಿಸ್ತೀಯಾ ಅವಳನ್ನ? ಸಾಯೋವಾಗ ಮಾತು ಕೊಟ್ಟೆಯಲ್ಲ!”

ಅವಳು ಹೇಳಿದ್ದು ಸರಿ. ಮಿಸೆಸ್ ಹೋಯ್ಟ್ ಕೊಟ್ಟು ಕಳಿಸಿದ್ದ ಅರ್ಜಿಯನ್ನು ಅವಳಿಗೆ ತೋರಿಸಿದೆ. ಓದಿದಳು. ಒಂದು ಸಾಲಿನ ಬಳಿ ಬೆರಳು ನಿಂತಿತು.

“ಅವಳ ಹೆಸರೆಲ್ಲಿ ಇದರಲ್ಲಿ?”

“ಇಲ್ಲ.”

“ಲೊರೆಟ್ ಅಂತಲೂ ಇಲ್ವಲ್ಲೋ.”

ಡ್ರೂಸಿಲ್ಲಾ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕುಸಿದು ಕೂತಳು. ಜನವರಿಯಿಂದ ಅದರಲ್ಲಿ ಯಾರೂ ಕೂತಿರಲಿಲ್ಲ. ಇಬ್ಬರಿಗೂ ಸೂಪು ಬಿಸಿ ಮಾಡಿದೆ. ಲೊರೆಟ್‌ನ ಅಪ್ಪ, ತಿಬೋ, ಹೋಲ್ಯೋಕ್‌ನ ಕಾಗದದ ಕಾರ್ಖಾನೆಗೆ ಕೆನಡಾದಿಂದ ಬಂದದ್ದು, ನಮ್ಮ ಮದುವೆಗೆ ಅವನು ಕಾಗದದ ತಿರುಳು ಬಡಿಯುವ ಕೈಗಳಿಗೆ ಬಿಳಿ ಗವಸು ಹಾಕಿಕೊಂಡು ಬಂದದ್ದು, ಎಲ್ಲ ಮಾತಾಡಿದೆವು. ನಮ್ಮಪ್ಪ ಅವನಿಗೆ ಸಿಂಹದ ಲಾಂಛನ ತೋರಿಸಿದ್ದ. “ನಿಮ್ಮ ನಾಯಿ ಚೆನ್ನಾಗಿದೆ,” ಎಂದಿದ್ದನಂತೆ ಆ ಮನುಷ್ಯ. ಡ್ರೂಸಿ ನಗುತ್ತ ನಗುತ್ತ ಅತ್ತಳು. ನನಗೆ ನೆಗಡಿಯಾಗಿತ್ತು.

ಹೊರಡುವಾಗ, “ಏನಾದರೂ ಮಾಡ್ಕೋ. ಭಾಷಣ ಮಾತ್ರ ಉದ್ದ ಮಾಡಬೇಡ, ಜನ ನಿನ್ನ ಭಾಷಣಕ್ಕೇ ವಿರುದ್ಧ ಮತ ಹಾಕ್ತಾರೆ,” ಎಂದಳು.

ಮೇ 11, ಸೋಮವಾರ, ಬೆಳಿಗ್ಗೆ

ಸಂಜೆ ಏಳಕ್ಕೆ ಶಾಲೆಯ ಸಭಾಂಗಣದಲ್ಲಿ ಊರಸಭೆ. ಮಿಸೆಸ್ ಹೋಯ್ಟ್‌ರ ಅರ್ಜಿಯನ್ನು ಸಹಿಯಿಲ್ಲದೆ ಅವರ ಅಂಚೆಪೆಟ್ಟಿಗೆಯಲ್ಲಿ ಹಾಕಿ ಬಂದೆ.

ಭಾಷಣ ಬರೆದೆ. ರೋಮ್ ತೆಗೆದೆ. ಎಡ್ಮಂಡ್ ಬರ್ಕ್‌ನನ್ನು ನೋವಿನಿಂದಲೇ ತೆಗೆದೆ. ಬಾಸ್ಕಮ್ ವಂಶಾವಳಿ ಎರಡು ಪುಟವಿತ್ತು, ಪೊರಕೆಗಳ ಸಮೇತ, ಅದನ್ನೂ ತೆಗೆದೆ. ಉಳಿದದ್ದು ಇಷ್ಟು. ಹತ್ತೊಂಬತ್ತನೇ ವಿಷಯ ಬಂದಾಗ ಎದ್ದು ನಿಂತು ಇಷ್ಟನ್ನೇ ಓದುತ್ತೇನೆ:

ಅಧ್ಯಕ್ಷರೇ, 1771ರ ನವೆಂಬರಿನಲ್ಲಿ ಈ ಊರು ತನ್ನ ಕಾನ್‌ಸ್ಟೆಬಲ್‌ನನ್ನು ಕಳಿಸಿ ಕೇಲೆಬ್ ಬಾಸ್ಕಮ್‌ಗೆ, ಒಬ್ಬ ವಿಧವೆಗೆ, ಡೈನಾ ಎಂಬಾಕೆಗೆ, ಒಬ್ಬ ನೇಕಾರನಿಗೆ, ಇನ್ನೂ ಎಷ್ಟೋ ಜನಕ್ಕೆ ಹೊರಡಿ ಎಂದಿತು. ಕಳೆದ ತಿಂಗಳು ಮೂರನೇ ತಾರೀಖು ಅದೇ ಮಾತನ್ನು ಲೊರೆಟ್ ತಿಬೋ ಎಂಬ ಹೆಂಗಸಿಗೆ ಹೇಳಿತು. ಅದಕ್ಕೂ ಮುಂಚೆ ಸ್ಟ್ಯಾಶ್‌ನ ತಾಯಿಗೆ ಹೇಳಿತು, ಆಗ ನಾನೂ ಊರಿನ ಪರವಾಗಿ ಹೇಳಿದೆ. ಈ ಸಭೆಯನ್ನು ಒಂದೇ ಮಾತು ಕೇಳುತ್ತೇನೆ. ಆ ಆಜ್ಞೆ ಇವತ್ತಿಗೂ ಜಾರಿಯಲ್ಲಿದೆಯೇ? ಇದೆ ಎನ್ನುವವರು ಕೂತಲ್ಲಿಂದ ಗೊಣಗಬೇಡಿ, ಎದ್ದು ನಿಂತು, ನಿಮ್ಮ ಹೆಸರು ಹೇಳಿ, ನೆರೆಹೊರೆಯವರ ಮುಖ ನೋಡಿ ಹೇಳಿ. ಇಲ್ಲವಾದರೆ ಕಲ್ಲುಕೋಣೆಯ ಬಾಗಿಲು ನಾಳೆ ಬೆಳಿಗ್ಗೆ ಯಾರು ತೆರೆಯುತ್ತೀರಿ, ಅದನ್ನು ಹೇಳಿ.